ಅಮಾವಾಸ್ಯೆಯ ದಿನ ಬಿಚ್ಚಿದ ಗಾಡಿ

ಅಮಾವಾಸ್ಯೆಯ ದಿನ ಕಬ್ಬಿಣ ಬಿಚ್ಚಬೇಡಿ ಎಂದು ನಾನು ಬಡಕೊಂಡೆ. ಕೇಳಿದರೆ ತಾನೆ? ಗಂಡನ ಹೆಸರು ಹೇಳಬಾರದು, ಆದರೂ ಸಿಟ್ಟಿಗೆ ಹೇಳುತ್ತೇನೆ: ಸೋಮಲಿಂಗ. ಎತ್ತು ಹೂಡದ ದಿನ, ಹೊಲದ ಕೆಲಸವಿಲ್ಲ ಎಂದು ಬೆಳಿಗ್ಗೆಯೇ ಮೋಟರ್‌ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ, ಗೋಣಿಚೀಲ ಹಾಸಿ, ಮೊಬೈಲಿನಲ್ಲಿ ಯಾವನೋ ಹಿಂದಿಯಲ್ಲಿ ಹೇಳುವ ವಿಡಿಯೋ ಹಚ್ಚಿಕೊಂಡು ಕೂತರು.

ಖರೆ ಹೇಳಬೇಕೆಂದರೆ ಆ ಗಾಡಿಯ ಸದ್ದಿನ ಬಗ್ಗೆ ದಿನಾ ಕಿರಿಕಿರಿ ಮಾಡಿದವಳು ನಾನೇ. ಇಂಜಿನ್ನಿನೊಳಗೆ ಒಂದೇ ಸಮನೆ ಕಟಕಟ. ಹುನಗುಂದದ ರಸ್ತೆಯಿಂದ ನಮ್ಮೂರ ದಾರಿಗೆ ತಿರುಗಿದಾಗಲೇ ಇವರು ಬಂದರೆಂದು ಗೊತ್ತಾಗಿ ಒಲೆಯ ಮೇಲೆ ಹಂಚು ಇಡುತ್ತಿದ್ದೆ. ಹಟ್ಟಿಯ ಕುರಿಗಳು ಬೆದರಿ ಮೂಲೆ ಸೇರುತ್ತಿದ್ದವು. "ಡಬ್ಬಿಯೊಳಗ ಕಲ್ಲ ಹಾಕಿ ಅಳಗಾಡಿಸಿದಂಗ ಕೇಳತೈತಿ ನಿಮ್ಮ ಗಾಡಿ" ಎಂದು ಚುಚ್ಚುತ್ತಿದ್ದೆ.

"ಒಳಗ ಟೈಮಿಂಗ್ ಚೈನ್ ಸಡ್ಲ ಆಗೇತಿ" ಎಂದರು ಇವರು, ಬೆರಳುದ್ದದ ಸಾಮಾನೊಂದನ್ನು ಬಿಚ್ಚಿ ನನ್ನ ಮೂಗಿನ ಮುಂದೆ ಹಿಡಿದು. "ಇದು ಟೆನ್ಶನರ್. ಇದರ ಕಡ್ಡಿ ಚೈನಿನ ಬೆನ್ನಿಗೆ ಒತ್ತಿ ಹಿಡೀಬೇಕು. ಹೊಲಸ ಕುಂತು ಬಿಗದೈತಿ. ತೊಳದು ಹಾಕಿದ್ರ ಆತು."

ಅದರ ಹಿಂದೆ ಎಣ್ಣೆ ಸೋರದಂತೆ ಕೂಡಿಸುವ ಕಾಗದದಂಥ ಪ್ಯಾಕಿಂಗು ಹರಿದಿತ್ತು. ಹೊಸದು ತರಲು ಕ್ರಾಸಿನ ಅಂಗಡಿಗೆ ನಡೆದುಕೊಂಡು ಹೋದರು.

ಗಾಡಿ ಬಂದಾಗಿನಿಂದ ಅಮಾವಾಸ್ಯೆಗೆ ಪೂಜೆ ಮಾಡುವವಳು ನಾನು. ಒಂದು ಅಮಾವಾಸ್ಯೆ ತಪ್ಪಿದ್ದಕ್ಕೆ ಅಮೀನಗಡದ ತಿರುವಿನಲ್ಲಿ ಇವರು ಬಿದ್ದು ಕೈ ಮುರಕೊಂಡಿದ್ದರು. ಅರ್ಧ ಬಿಚ್ಚಿದ್ದರೇನು, ಪೂಜೆ ತಪ್ಪಿದರೆ ದೇವರಿಗೆ ಗೊತ್ತಾಗುವುದಿಲ್ಲವೇ? ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ಊದಿನಕಡ್ಡಿ ಬೆಳಗಿ, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ನೂಕಿದೆ. ಗಾಡಿ ಜಗ್ಗಲಿಲ್ಲ. ಸೊಂಟ ಕೊಟ್ಟು ನೂಕಿದೆ. ಏನೋ ಕರಕ್ ಎಂದಿತು. ನಿಂಬೆಹಣ್ಣು ಒಡೆಯಿತು ಎಂದುಕೊಂಡು ಗಾಡಿಯನ್ನು ಹಿಂದಕ್ಕೆ ಎಳೆದು ಮೊದಲಿನ ಜಾಗದಲ್ಲೇ ನಿಲ್ಲಿಸಿದೆ.

ಪೂಜೆಯ ಗದ್ದಲದಲ್ಲಿ ಕುರಿಗಳನ್ನು ಹೊತ್ತಿಗೆ ಸರಿಯಾಗಿ ಬಿಡಲಿಲ್ಲ. ಹಸಿದಿದ್ದವು, ಹಟ್ಟಿಯ ಬಾಗಿಲ ಮುಳ್ಳು ದೂಡಿಕೊಂಡು ಹಿಂದಿನ ಹೆಸರುಕಾಳಿನ ಹೊಲಕ್ಕೆ ನುಗ್ಗಿದ್ದವು. ರಾತ್ರಿಯ ಮಳೆಗೆ ತೊಯ್ದ ಎಳೆಯ ಹೆಸರು. ಹಸಿದ ಹೊಟ್ಟೆಗೆ ಅದು ವಿಷವೇ. ನಾನು ಹೊಡೆದುಕೊಂಡು ಬರುವಷ್ಟರಲ್ಲಿ ಒಂದೊಂದರ ಎಡಬದಿಯೂ ಉಬ್ಬಿ ನಿಂತಿತ್ತು, ಬಡಿದರೆ ಹಲಗೆ ಬಾರಿಸಿದ ಹಾಗೆ ಸದ್ದು.

ಅವುಗಳಲ್ಲಿ ಕೆಂಚಿ ಇತ್ತು. ಮದುವೆಯಲ್ಲಿ ಅಪ್ಪ ಬಳುವಳಿ ಎಂದು ಕೊಟ್ಟ ಮರಿ ಅದು, ನನ್ನ ಜೊತೆಗೇ ಈ ಮನೆಗೆ ಬಂದದ್ದು. ಹಟ್ಟಿಯ ಅರ್ಧ ಕುರಿ ಅದರ ಮಕ್ಕಳು, ಮೊಮ್ಮಕ್ಕಳು. ಹೊಸ ಮನೆಯಲ್ಲಿ ಅಳು ಬಂದಾಗಲೆಲ್ಲ ನಾನು ಅದರ ಕುತ್ತಿಗೆ ಹಿಡಿದು ಅತ್ತವಳು.

ಪ್ಯಾಕಿಂಗು ಹಿಡಿದು ಬಂದ ಇವರು ಹುನಗುಂದದ ದನದ ದವಾಖಾನೆಗೆ ಫೋನು ಹಚ್ಚಿದರು. ದವಾಖಾನೆಯ ಗಾಡಿ ಇಳಕಲ್ ಕಡೆ ಹೋಗಿದೆ, ಔಷಧಿ ಇಲ್ಲಿದೆ, ಬಂದು ಒಯ್ಯಿರಿ, ಅಲ್ಲಿವರೆಗೆ ಎಣ್ಣೆ ಕುಡಿಸಿ ಅಡ್ಡಾಡಿಸಿರಿ ಎಂದರು ಡಾಕ್ಟರು. ಊರಿನ ಗಾಡಿಗಳೆಲ್ಲ ಅಮಾವಾಸ್ಯೆಗೆಂದು ಬನಶಂಕರಿಯ ಗುಡಿಗೆ ಹೋಗಿದ್ದವು. ಉಳಿದದ್ದು ನಮ್ಮದೊಂದೇ, ಗೋಣಿಚೀಲದ ಮೇಲೆ.

"ನಿಮ್ಮ ಕೈಗೆ ಸುಮ್ಮ ಕುಂದ್ರಾಕ ಬರೂದಿಲ್ಲೇನು?" ಹಟ್ಟಿಯಿಂದಲೇ ಕೂಗಿದೆ, ಕುರಿಯ ಬಾಯಿಗೆ ಎಣ್ಣೆ ಸುರಿಯುತ್ತ. "ಅಮಾಸಿ ದಿನ ಬಿಚ್ಚಬ್ಯಾಡ್ರಿ ಅಂದ್ನಿಲ್ಲ? ನನ್ನ ಕುರಿ ಸತ್ತ್ರ ಆ ವಿಡಿಯೋದವ ಬರ್ತಾನೇನು?"

ಮನೆಯ ಮೂಲೆಯಿಂದ ಇಣುಕಿದರೆ ಇವರು ಟೆನ್ಶನರ್ ಹಿಡಿದು ಕೂತಿದ್ದರು. ಸಣ್ಣ ಸ್ಕ್ರೂಡ್ರೈವರಿನಿಂದ ಟೆನ್ಶನರಿನ ಒಳಗಿನ ತಿರುಪು ತಿರುಗಿಸಿ, ಕಡ್ಡಿಯನ್ನು ಒಳಗೆ ಎಳೆದು ಹಾಗೇ ಹಿಡಿದುಕೊಂಡು ಕೂಡಿಸಬೇಕು. ಕಡ್ಡಿ ಟಕ್ ಎಂದು ಹೊರಗೆ ಹಾರಿತು. ಮತ್ತೆ ಎಳೆದರು, ಮತ್ತೆ ಹಾರಿತು. ನಾನು ಎಣ್ಣೆಯ ಡಬ್ಬಿ ತರಲು ಅಂಗಳಕ್ಕೆ ಬಂದಾಗ ಅಂತೂ ಕೂತಿತ್ತು. ಎರಡೂ ಬೋಲ್ಟು ಬಿಗಿದು, ಸ್ಕ್ರೂಡ್ರೈವರು ಬಿಟ್ಟರು.

"ಪುಣ್ಯಾಕ ಬಿಚ್ಚಿದಾಗ ಗಾಡಿ ಯಾರೂ ಅಳಗಾಡಿಸಿಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. "ಚೈನ್ ಹಲ್ಲ ಜಿಗದಿದ್ರ ಕಿಕ್ ಹೊಡದ ಕೂಡ್ಲೆ ಇಂಜಿನ್ ಮುಗೀತಿತ್ತು."

ಕಾಲು ಕಿಕ್ಕಿನ ಮೇಲಿತ್ತು.

ಇಷ್ಟು ಹೊತ್ತು ಊರೇ ಕೇಳುವಂತೆ ಬೈದ ಬಾಯಿ ನನ್ನದು. ಗಾಡಿ ನೂಕಿದ್ದನ್ನು ಆ ಗಳಿಗೆ ನುಂಗಿಬಿಡಲೇ ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ.

"ಕಿಕ್ ಹೊಡಿಬ್ಯಾಡ್ರಿ" ಎಂದೆ. "ನಾ ನಿಂಬಿಹಣ್ಣಿನ ಮ್ಯಾಲ ಹಾಯಿಸೇನಿ."

ಕಾಲು ಇಳಿಸಿದರು. "ಗೇರಿನ್ಯಾಗ ಇತ್ತು ಗಾಡಿ. ಗಾಲಿ ತಿರುಗಿದ್ರ ಒಳಗ ಚೈನೂ ತಿರುಗತೈತಿ."

"ಭಾರ ಆಗಿತ್ತು. ಸೊಂಟ ಕೊಟ್ಟು ನೂಕಿದ್ನಿ."

ಬಯ್ಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಇವರು ಕೂತು, ಈಗಷ್ಟೇ ಬಿಗಿದ ಬೋಲ್ಟುಗಳನ್ನೇ ಮತ್ತೆ ಬಿಚ್ಚತೊಡಗಿದರು. ಇಂಜಿನ್ನಿನ ಮೇಲಿನ ಮುಚ್ಚಳ, ಪಕ್ಕದ ಮುಚ್ಚಳ ಎರಡನ್ನೂ ತೆಗೆದರು. ಒಳಗೆ ಚೈನ್ ಕೂಡಿಸುವ ಗುರುತುಗಳು ಎರಡು ಹಲ್ಲು ತಪ್ಪಿದ್ದವು. ಚೈನನ್ನು ಸರಿಯಾಗಿ ಕೂಡಿಸಿ, ಮತ್ತೆ ಆ ಕಡ್ಡಿ ಒಳಗೆ ಎಳೆಯುವ ಕೆಲಸ.

ಅಷ್ಟರಲ್ಲಿ ಒಂದು ಮರಿ ಸತ್ತಿತು. ಕೆಂಚಿ ಮುಂಗಾಲು ಮಡಚಿತು. ನಾನು ಮನೆಯ ಹಿಂದೆ ಹಟ್ಟಿಯಲ್ಲಿ ಅದರ ಹೊಟ್ಟೆಗೆ ಕೈ ಕೊಟ್ಟು ಎತ್ತುತ್ತಿದ್ದೆ, ಉಳಿದವು ಒದರುತ್ತಿದ್ದವು. ಇವರು ಯಾವಾಗ ಕಿಕ್ ಹೊಡೆದರೋ, ಯಾವಾಗ ಹೋದರೋ ಕೇಳಲೇ ಇಲ್ಲ. ಅಂಗಳಕ್ಕೆ ಬಂದು ನೋಡಿದರೆ ಗಾಡಿ ಇರಲಿಲ್ಲ.

ಆಮೇಲೆ ನನ್ನ ಜೀವವೆಲ್ಲ ಕಿವಿಗೆ ಬಂತು. ಒಂದು ಕುರಿ ನಡೆಸುವುದು, ನಿಂತು ಆಲಿಸುವುದು. ಇನ್ನೊಂದಕ್ಕೆ ಎಣ್ಣೆ, ಮತ್ತೆ ಆಲಿಸುವುದು. ಕಟಕಟ ಕೇಳಲಿಲ್ಲ. ನಾನು ಬೈದ ಸದ್ದು, ಒಮ್ಮೆ ಕೇಳಿಸಪ್ಪಾ ಬೀರಪ್ಪ ಎಂದು ಬೇಡಿಕೊಂಡೆ.

ಕೆಂಚಿ ಮಲಗಿಬಿಟ್ಟಿತು. ನಾಲಿಗೆ ಹೊರಗೆ, ಉಸಿರು ಸಿಗುತ್ತಿಲ್ಲ. ಇಂಥ ಹೊತ್ತಿಗೆ ಅಪ್ಪ ಎಡಬದಿಯ ಕುಳಿಗೆ ಚಾಕು ಚುಚ್ಚಿ ಗಾಳಿ ಬಿಡುತ್ತಿದ್ದ. ಉಳಿಯುವುದು ಹತ್ತರಲ್ಲಿ ಒಂದು. "ಔಷಧಿ ಬರತೈತಿ ಅನ್ನೂ ಆಸೆ ಇದ್ರ ಚಾಕು ಮುಟ್ಟಬ್ಯಾಡವ್ವ" ಎಂದು ಹೇಳಿಕೊಟ್ಟಿದ್ದ.

ಒಳಗೆ ಹೋಗಿ ಚಾಕು ತಂದೆ. ಚಾಕು ಹಿಡಿದೂ ಆಲಿಸಿದೆ. ದಾರಿಯಲ್ಲಿ ಒಂದು ಮೋಟರ್‌ಸೈಕಲ್ಲು ಬಂತು. ಮೆತ್ತಗಿನ ಸದ್ದು, ಕಟಕಟ ಇಲ್ಲ. ಬನಶಂಕರಿಯಿಂದ ತಿರುಗಿದವರು ಯಾರೋ ಎಂದುಕೊಂಡೆ. ತಲೆ ಕೂಡ ಎತ್ತಲಿಲ್ಲ. ಇನ್ನು ಇವರು ಬರುವುದಿಲ್ಲ, ಗಾಡಿ ಎಲ್ಲೋ ನಿಂತಿದೆ, ನಿಲ್ಲಿಸಿದವಳು ನಾನೇ. ಕಣ್ಣು ಮುಚ್ಚಿ ಚುಚ್ಚಿದೆ.

ಗಾಳಿ ಬುಸ್ ಎಂದಿತು. ನೊರೆ ಬಂತು, ಹಿಂದೆಯೇ ರಕ್ತ. ಕೆಂಚಿ ಎರಡು ಸಲ ಕಾಲು ಝಾಡಿಸಿ ಸುಮ್ಮನಾಯಿತು.

"ಪದ್ಮಿ."

ಹಿಂದೆ ಇವರು ನಿಂತಿದ್ದರು. ಎರಡೂ ಕೈಯಲ್ಲಿ ಔಷಧಿಯ ಬಾಟಲಿ.

"ಗಾಡಿ ಎಲ್ಲೈತ್ರಿ?"

"ಅಂಗಳದಾಗ."

"ಸದ್ದ ಬರಲಿಲ್ಲ."

"ಸದ್ದ ಹೋತು" ಎಂದರು ಇವರು, ನೆಲ ನೋಡುತ್ತ.

ಅಳಲು ಹೊತ್ತಿರಲಿಲ್ಲ. ಇಬ್ಬರೂ ಉಳಿದ ಕುರಿಗಳಿಗೆಲ್ಲ ಔಷಧಿ ಕುಡಿಸಿದೆವು. ಸಂಜೆಗೆ ಒಂದೊಂದಾಗಿ ಎದ್ದು ಮೆಲುಕು ಹಾಕಿದವು. ಕೆಂಚಿಯ ಮಕ್ಕಳೂ ಹಾಕಿದವು. ಬೇವಿನ ಬುಡದಲ್ಲಿ ಗುಂಡಿ ತೋಡಿ ಇವರೇ ಕೆಂಚಿಯನ್ನು ಮಣ್ಣು ಮಾಡಿದರು.

ಗಾಡಿ ಈಗಲೂ ಹಾಗೇ ಮೆತ್ತಗೆ ಓಡುತ್ತದೆ. ಯಾವ ಮಿಸ್ತ್ರಿ ಮಾಡಿದ ಎಂದು ಊರಲ್ಲಿ ಕೇಳುತ್ತಾರೆ. ಮಾಡಿದವನು ನಾನೇ ಎಂದು ಇವರು ಒಮ್ಮೆಯೂ ಹೇಳಿಲ್ಲ.