ನಿಲ್ಲಿಸಿದ ಸಾಹೇಬರು

ತನಗಲ್ಲ, ಹಿಂದೆ ಬರುವ ಇನ್ಯಾರಿಗೋ ಅಂಗಳದಲ್ಲಿ ನಿಂತಿದ್ದ ಆಕೆ ಕೈಮುಗಿದಿರಬೇಕು ಎಂದು ಯತೀಶ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಕ್ವಾರಿ ನಿಲ್ಸದ್ದ್ ನೀವೇ ಅಲ್ದಾ? ರತ್ನಾಕರಣ್ಣ ಹೇಳ್ದ್ರ್," ಎಂದಳು ಗುಡ್ಡದ ಬುಡದ ಮನೆಯ ಸರೋಜ. "ಬನ್ನಿ, ಒಳ್ಗ್ ಬನ್ನಿ. ಕೂಕಣಿ."

ನಿಲ್ಲಿಸಿದ್ದು ಅವನಲ್ಲ. ಗುಡ್ಡದ ಮೇಲಿನ ಜಲ್ಲಿ ಕ್ವಾರಿಯ ಯಜಮಾನ ರತ್ನಾಕರನೇ, ಮಳೆಗಾಲದಲ್ಲಿ ವ್ಯಾಪಾರವಿಲ್ಲ, ಸ್ವಲ್ಪ ಕಾಲ ಕೆಲಸ ನಿಲ್ಲಿಸಲು ಒಪ್ಪಿಗೆ ಕೊಡಿ ಎಂದು ಅರ್ಜಿ ಹಾಕಿದ್ದ. ಹೇಳದೆ ಕೇಳದೆ ನಿಲ್ಲಿಸಿದರೆ ಗುತ್ತಿಗೆ ಕೈತಪ್ಪುವ ಭಯ ಅವನಿಗೆ. ಗಣಿ ಇಲಾಖೆಯ ಭೂವಿಜ್ಞಾನಿ ಯತೀಶ ಒಪ್ಪಿಗೆ ಕೊಟ್ಟಿದ್ದ. ಕೆಲಸ ನಿಂತೇ ಇದೆಯೇ ಎಂದು ನೋಡಲು ಇವತ್ತು ಸಿದ್ದಾಪುರದಾಚೆಯ ಈ ಊರಿಗೆ ಬಂದವನು, ಗುಡ್ಡ ಇಳಿದು ಜೀಪಿನತ್ತ ಹೋಗುವಾಗ ಈ ಅಂಗಳ ದಾಟಬೇಕಾಗಿತ್ತು, ಅಷ್ಟೆ. ದೀಪಾವಳಿ ಕಳೆದರೆ ಹೆದ್ದಾರಿ ಅಗಲಿಸುವ ಕೆಲಸಕ್ಕೆ ಜಲ್ಲಿ ಬೇಕು. ಬಂಡೆಗೆ ಮತ್ತೆ ಸಿಡಿಮದ್ದು ಇಡುತ್ತಾರೆ. ಸಿಡಿತಕ್ಕೆ ಗೋಡೆ ಬಿರಿಯುತ್ತಿದೆ ಎಂದು ಬುಡದ ಮನೆಯವರು ಕೊಟ್ಟ ದೂರನ್ನು ಅವನು ಓದಿಯೂ ಇರಲಿಲ್ಲ.

ಒಳಗೆ ಬಂದು ಕೂತವನು ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿ ಎದ್ದುಬಿಡಬಹುದಿತ್ತು. ಅಷ್ಟರಲ್ಲಿ ಸರೋಜ ಬೆಲ್ಲ, ನೀರು ತಂದಿಟ್ಟಳು.

"ಆನೆಗುಡ್ಡೆ ದೇವಸ್ಥಾನ್ದಂಗೆ ನಿಮ್ಮ್ ಹೆಸ್ರಂಗೆ ಪೂಜೆ ಮಾಡ್ಸಿದೆ. ಭಟ್ರ್ ನಕ್ಷತ್ರ ಕೇಂಡ್ರ್, ನಂಗ್ ಗೊತ್ತಿಲ್ಲೆ. ನಿಮ್ದ್ ಎಂತ?"

"ಮಖಾ."

ಅಷ್ಟು ಬೇಗ ನಾಲಿಗೆಗೆ ಬಂತಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ಎದುರಿನ ಗೋಡೆಯ ಬಿರುಕಿಗೆ ಹೊಸ ಸಿಮೆಂಟು ಮೆತ್ತಿತ್ತು.

"ಮಗಳ್ ಶ್ರೀಲತಾನ್ನ ಬಪ್ಪ ವಾರ ಕರ್ಕಂಡ್ ಬತ್ತೆ. ಚೊಚ್ಚಲ. ನವರಾತ್ರಿ ಹೊತ್ತಿಗ್ ಹೆರಿಗಿ. ಬೈಂದೂರಂಗೆ ಗಂಡನ್ ಮನಿಯಂಗೇ ಇರ್ ಅಂದಿದ್ದೆ. ಈ ಗೋಡಿ ನಂಬಿ ಹ್ಯಾಂಗ್ ಕರೂದ್? ಈಗ ಹೆದ್ರಿಕಿ ಇಲ್ಲೆ, ಅಲ್ದಾ?"

ದೀಪಾವಳಿ ಕಳೆಯುವಾಗ ಬಾಣಂತಿ, ಮಗು ಇದೇ ಗೋಡೆಯ ಕೆಳಗೆ ಮಲಗಿರುತ್ತಾರೆ. ಯತೀಶ ಆ ಸಿಮೆಂಟನ್ನೇ ನೋಡಿದ.

"ಗೋಡೆ... ಸ್ವಲ್ಪ ನೋಡಿಕೊಳ್ಳಿ," ಎಂದ.

"ಕಂಡಾಯ್ತ್. ನಾನೇ ಮೆತ್ತಿದೆ."

"ಅದಲ್ಲ. ಮಳೆಗಾಲ ಮುಗಿದ ಮೇಲೆ..."

"ಮುಗ್ದ್ ಮೇಲೆ?"

ಮಗಳು ಬೈಂದೂರಿನಲ್ಲೇ ಇರಲಿ ಎನ್ನಲು ಬಾಯಿ ತೆರೆದ. ಆದರೆ ಆಕೆಯ ಮುಖದಲ್ಲಿ ತನಗಾಗಿ ಇದ್ದ ಆ ಗೌರವ, ಹೆಂಡತಿಯಾಗಲಿ ಕಚೇರಿಯಾಗಲಿ ಎಂದೂ ಕೊಡದಿದ್ದದ್ದು, ಇನ್ನೊಂದು ಗಳಿಗೆ ಉಳಿಯಲಿ ಎನಿಸಿತು. ಹೇಸಿಗೆಯ ಆಸೆ. ಗೊತ್ತಿದ್ದೂ ಬಿಡಲಾಗಲಿಲ್ಲ.

"ಮುಗಿದ ಮೇಲೆ ಸುಣ್ಣ ಬಳಿಸಿ," ಎಂದ.

ಸರೋಜ ನಕ್ಕಳು. ಆಮೇಲೆ ಸಂಕೋಚದಿಂದ ಒಳಕೋಣೆ ತೋರಿಸಿದಳು. ತೊಟ್ಟಿಲು ಕಟ್ಟಲು ಜಂತಿಗೆ ಆಗಲೇ ಹಗ್ಗ ಹಾಕಿತ್ತು.

"ಒಂದ್ ಉಪ್ಕಾರ ಮಾಡ್ತ್ರ್ಯಾ? ಮನಿಯಂಗೆ ಗಂಡ್ಸರ್ ಇಲ್ಲೆ. ನಾನ್ ಹಗ್ಗಕ್ಕೆ ಜೋತ್ರೆ ಭಾರ ಸಾಕಾತ್ತಿಲ್ಲೆ. ನೀವ್ ಒಂದ್ ಸಲ ಜೋತ್ ಕಾಣಿ. ನಿಮ್ಮ್ ಭಾರ ತಡ್ದ್ರೆ ಮಗಿನ್ ಭಾರ ಎಂತ ಲೆಕ್ಕ?"

ತಾನು ಬೇಡ ಎನ್ನಬಹುದು ಎಂದು ಅವನೇ ಕಾದ. ಎನ್ನಲಿಲ್ಲ. ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಾಲು ಎತ್ತಿದ. ಜಂತಿ ಕಿರುಗುಟ್ಟಿತು. ಗೋಡೆಯ ಮೇಲಿಂದ ಪುಡಿ ಉದುರಿ ಅವನ ಕೂದಲ ಮೇಲೆ, ಕಣ್ಣೊಳಗೆ ಬಿತ್ತು.

"ಅಡ್ಡಿಲ್ಲ, ತಡೀತ್!" ಸರೋಜ ಚಪ್ಪಾಳೆ ತಟ್ಟಿದಳು. "ಸಾಕ್, ಇಳೀನಿ."

ಅವನು ಇಳಿಯಲಿಲ್ಲ. ಕಾಲು ನೆಲಕ್ಕೆ ತಾಗಿದರೆ ಏನಾದರೂ ಹೇಳಬೇಕಾಗುತ್ತದೆ. ಕಣ್ಣು ಮುಚ್ಚಿ, ಮೊಣಕಾಲುಗಳನ್ನು ಹೊಟ್ಟೆಗೆ ಒತ್ತಿಕೊಂಡು, ಆ ಹಗ್ಗದಲ್ಲಿ ಮೆಲ್ಲಗೆ ತೂಗುತ್ತಲೇ ಇದ್ದ.