ಹಸಿ ಮರದ ಶಬ್ದ

ಒಣಗಿದ ಮರಕ್ಕೆ ಒಣಗಿದ ಮರ ತಾಗಿದರೆ ಟಣ್ ಎನ್ನಬೇಕು, ಇದು ದಪ್ ಎನ್ನುತ್ತಿದೆ, ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಮುನವ್ವರಾಳ ತೊಡೆಯ ಮೇಲಿನ ರಟ್ಟಿನ ಡಬ್ಬದೊಳಗೆ ದಪ್, ದಪ್, ನೆನೆದ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ, ಈ ಶಬ್ದ ತನ್ನೊಬ್ಬಳಿಗೇ ಕೇಳುತ್ತಿದೆಯೇ, ಇಲ್ಲ, ಮುಂದಿನ ಸೀಟಿನಲ್ಲಿ ಕಾಲರು ಸರಿಮಾಡಿಕೊಂಡು ಕುಳಿತ ತಮ್ಮ ಮುಷರಫನಿಗೂ ಕೇಳುತ್ತಿದೆ, ಕೇಳದವನಂತೆ ಕಿಟಕಿಯಾಚೆ ನೋಡುತ್ತಿದ್ದಾನೆ, ಕೇಳದೆ ಏನು, ಅಬ್ಬಾ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಕಲಿಸಿದ್ದರು, ಹಾಲೆ ಮರದ ತುಂಡನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ತಟ್ಟಬೇಕು, ಮರ ತಾನಾಗಿ ಸಿದ್ಧ ಎಂದು ಹೇಳುವ ತನಕ ಉಳಿ ಮುಟ್ಟಬಾರದು — ಏನಮ್ಮಾ ಅದು ಡಬ್ಬ, ಲಗೇಜು ಹಾಕ್ಬೇಕಾಯ್ತದೆ, ಎಂದ ಕಂಡಕ್ಟರು, ಒಳಗೆ ಇಂಗ್ಲಿಷ್ ಐತೆ ಸಾರ್ ಎಂದು ಮುಷರಫ್ ತಿರುಗಿ ನಕ್ಕ, ಇಂಗ್ಲಿಷ್‌ಗೆ ಟಿಕೆಟ್ ಇಲ್ಲ ಬುಡಿ, ಅದು ಎಲ್ಲಾ ಕಡೆ ಪುಕ್ಸಟ್ಟೆನೇ ಓಡಾಡ್ತದೆ ಎಂದು ಕಂಡಕ್ಟರೂ ನಕ್ಕ, ಇಬ್ಬರೂ ನಕ್ಕರು, ನಗಲಿ, ನಗಲಿಕ್ಕೆ ಅವನಿಗೇನು, ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ಎಷ್ಟು ಸಲೀಸಾಗಿ ಹೇಳಿಬಿಟ್ಟ, ಆಪಾ, ಸ್ಕೂಲಲ್ಲಿ ನೀನೇನೂ ಮಾತಾಡ್ಬೇಡ, ಹೆಂಗಸ್ರ ಕೈಕೆಲ್ಸ, ಅದ್ಕೇ ಅಳತೆ ತಪ್ಪಿತು ಅಂತ ನಾನು ಹೇಳ್ತೀನಿ, ನೀನು ಹೂಂ ಅನ್ನು ಸಾಕು, ಆರ್ಡರ್ ಉಳೀತದೆ, ಇನ್ಮೇಲೆ ನೀನು ಪ್ಯಾಕಿಂಗ್ ನೋಡ್ಕೋ, ಲೇತಿಗೆ ಸನಾವುಲ್ಲಾ ಕೂತ್ಕೋತಾನೆ. ಸನಾವುಲ್ಲಾ. ಬಿಡದಿಯ ಫ್ಯಾಕ್ಟರಿಯಲ್ಲಿ ಇವನ ಜೊತೆ ಬೋಲ್ಟು ತಿರುಗಿಸುತ್ತಿದ್ದವನು, ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಅದು ಬಿಸಿಗೆ ಕರಗಿ ಬಣ್ಣವಾಗುತ್ತದೆ ಎಂಬುದನ್ನು ಮೊನ್ನೆ ಮೊದಲ ಸಲ ಕಂಡು ಬಾಯಿ ಬಿಟ್ಟು ನಿಂತವನು, ಅವನು ಮರ ಕಡೆಯುವ ಲೇತಿನ ಮುಂದೆ ಅಬ್ಬಾನ ಜಾಗದಲ್ಲಿ ಕೂರುತ್ತಾನಂತೆ, ಹೂಂ ಅನ್ನಬೇಕಂತೆ, ತನ್ನ ಕೈಯ ಮೇಲೆ ತಾನೇ ಉಗಿದುಕೊಂಡು ಹೂಂ ಅನ್ನಬೇಕಂತೆ.

ರಾಮನಗರ ಬಂತೆಂದು ಮೂಗು ಮೊದಲು ಹೇಳುತ್ತದೆ, ಬೇಯುವ ರೇಷ್ಮೆಗೂಡಿನ ವಾಸನೆ, ಆಚೆ ಬಂಡೆಗಳ ಬೋಳು ತಲೆಗಳು, ಇದೇ ದಾರಿಯಲ್ಲಿ ಲತಾಮಣಿ ಮೇಡಂ ಬಂದದ್ದು, ಬೇಸಗೆಯ ಮೊದಲಿಗೆ, ಬಿಡದಿಯ ಶಾಲೆಯ ಇಂಗ್ಲಿಷ್ ಟೀಚರು, ಫ್ಯಾಕ್ಟರಿ ಆಫೀಸರುಗಳ ಮಕ್ಕಳ ಶಾಲೆ, ನೆಲದ ಮೇಲೆ ಮರದ ಹೊಟ್ಟಿನ ನಡುವೆಯೇ ಕುಳಿತು ಚಿತ್ರ ಬರೆದು ತೋರಿಸಿದ್ದರು, ಗುಂಡನೆಯ ತುಂಡುಗಳು, ಒಂದು ಕೊನೆಗೆ ಗೂಟ, ಇನ್ನೊಂದು ಕೊನೆಗೆ ರಂಧ್ರ, ಪ್ರತಿಯೊಂದರ ಮೇಲೂ ಒಂದು ಮಾತಿನ ಬೇರು, ಗ್ರೀಕಿನಿಂದ ಬಂದದ್ದಕ್ಕೆ ನೀಲಿ, ಲ್ಯಾಟಿನ್‌ನಿಂದ ಬಂದದ್ದಕ್ಕೆ ಕೆಂಪು, ಕೊನೆಯ ಬಾಲಕ್ಕೆ ಹಳದಿ, ಮಕ್ಕಳು ಜೋಡಿಸಿದರೆ ಇಂಗ್ಲಿಷ್ ಮಾತು ಹುಟ್ಟಬೇಕು, ಬಿಡಿಸಿದರೆ ಅರ್ಥ ಕಾಣಬೇಕು. ನೀಲಿ ನೀಲಿಗೇ ಕೂತ್ರೆ ಸಾಕಾ ಮೇಡಂ ಎಂದು ಮುನವ್ವರಾ ಕೇಳಿದ್ದಳು, ಸಾಲಲ್ಲಮ್ಮಾ, ಟೆಲಿ ಗ್ರೀಕು, ವಿಷನ್ ಲ್ಯಾಟಿನ್, ನಿಮ್ಮನೆ ಟೀವಿನೇ ಕಲಬೆರಕೆ ಮದುವೆ ಎಂದು ಮೇಡಂ ನಕ್ಕಿದ್ದರು, ಆದ್ದರಿಂದ ಎಲ್ಲದಕ್ಕೂ ಎಲ್ಲವೂ ಕೂರಬೇಕು, ಯಾವ ಗೂಟವಾದರೂ ಯಾವ ರಂಧ್ರಕ್ಕಾದರೂ, ಅಳತೆ ಕೂದಲೆಳೆಯಷ್ಟೂ ತಪ್ಪಬಾರದು, ಅಂದೇ ಹೇಳಿದ್ದಳಲ್ಲವೇ, ಇದಕ್ಕೆ ಚೆನ್ನಾಗಿ ಒಣಗಿದ ಮರವೇ ಬೇಕು ಎಂದು, ಈ ಮುಷರಫನ ಎದುರಿಗೇ ಹೇಳಿದ್ದಳು. ಉಳಿ ಹಿಡಿದು ಕುಳಿತಲ್ಲೇ ಅವಳಿಗೆ ಮಾತುಗಳು ಬಾಯಿಪಾಠವಾದವು, ಪೋರ್ಟ್ ಎಂದರೆ ಹೊರುವುದು, ಸ್ಪೆಕ್ಟ್ ಎಂದರೆ ನೋಡುವುದು, ಗ್ರಾಫ್ ಎಂದರೆ ಬರೆಯುವುದು, ಆಟೋ ಎಂದರೆ ತಾನೇ, ಬಸ್‌ಸ್ಟ್ಯಾಂಡಿನ ಮುಂದೆ ಹಾರ್ನು ಹೊಡೆಯುವ ಆಟೋಗಳೆಲ್ಲ ಗ್ರೀಕರ ಮಾತನ್ನು ಹೊತ್ತು ತಿರುಗುತ್ತಿವೆ, ಅವಳಿಗೆ ನಗು ಬಂದಿತ್ತು, ಆಮೇಲೆ ಸಿಟ್ಟು ಬಂದಿತ್ತು, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಈ ತಮ್ಮನ ಎದುರಿನಲ್ಲಿ, ಯಾವ ಭಾಷೆ ಕೇಳಿದೊಡನೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳೋ ಆ ಭಾಷೆ ತಾನೇ ಕಂಡವರ ಅಂಗಳದಿಂದ ತುಂಡು ಆಯ್ದು ತಂದು ಗೂಟಕ್ಕೆ ರಂಧ್ರ ಕೂರಿಸಿಕೊಂಡು ದೊಡ್ಡದಾಗಿದೆ, ಆಯ್ದು ತಂದದ್ದು ತಪ್ಪಲ್ಲ, ಒಣಗಿಸಿ ತಂದಿದೆ, ನೂರಾರು ವರ್ಷ ಒಣಗಿಸಿ, ಅದಕ್ಕೇ ಕೂರುತ್ತದೆ. ಇವನಿಗೆ ಒಂದು ಮಳೆಗಾಲ ಕಾಯುವುದಕ್ಕಾಗಲಿಲ್ಲ. ಮರಕ್ಕೆ ಡೆಡ್‌ಲೈನ್ ಗೊತ್ತಿಲ್ಲ, ಗಿರಾಕಿಗೆ ಗೊತ್ತಿರ್ತದೆ ಆಪಾ, ಫ್ಯಾಕ್ಟರಿಯಲ್ಲಿ ದಿನಕ್ಕೆಷ್ಟು ಕಾರು ಇಳೀತವೆ ಗೊತ್ತಾ ನಿಂಗೆ, ಎಂದು ಹೇಳಿ ಲಾರಿಯಲ್ಲಿ ಹಸಿ ಹಾಲೆ ತಂದು ಸುರಿದ, ಕಡಿದ ಕಡೆ ಇನ್ನೂ ಹಾಲು ಒಸರುತ್ತಿತ್ತು, ಅವಳು ಉಳಿ ಕೆಳಗಿಟ್ಟು ಎದ್ದುಹೋಗಿದ್ದಳು, ಅಂಗಳದಲ್ಲಿ ಬಣ್ಣ ಹಚ್ಚುವ ಹೆಂಗಸರೆಲ್ಲ ಅವಳ ಮುಖ ನೋಡಿದರು, ಕೆಲಸ ನಿಂತರೆ ಅವರ ಒಲೆ ನಿಲ್ಲುತ್ತದೆ, ಮರುದಿನ ಬಂದು ಕುಳಿತಳು, ಹಸಿಯಾದರೂ ಅಳತೆ ತಪ್ಪದ ಹಾಗೆ ಕಡೆದಳು, ಕಡೆದ ದಿನ ಎಲ್ಲವೂ ಕೂತವು, ಮೇಲೆ ಅರಗು ಮೆತ್ತಿದ್ದರಿಂದ ಹಸಿ ಒಳಗೇ ಉಳಿದು ನಿಧಾನವಾಗಿ ಹೊರಬಿತ್ತು, ದುಂಡಗಿದ್ದ ರಂಧ್ರ ಒಂದು ಕಡೆಗೆ ಎಳೆದು ಮೊಟ್ಟೆಯಂತಾಯಿತು, ಗೂಟ ಇನ್ನೊಂದು ಕಡೆಗೆ, ಡಬ್ಬಕ್ಕೆ ತುಂಬುವ ದಿನ ಕೆಂಪು ಕೆಂಪಿಗೆ ಇಳಿಯದೆ ನಿಂತಿತು, ಆಗ ಅವನು ಕೊಡತಿ ಎತ್ತಿದ, ಆ ಮರದ ಸುತ್ತಿಗೆ ಎತ್ತಿ ತುಂಡಿನ ತಲೆಗೆ ಹೊಡೆದ, ಅರಗು ಬಿರುಕುಬಿಟ್ಟು ಚಕ್ಕೆ ಹಾರಿತು, ಅರ್ಧ ಇಳಿಯಿತು, ಮತ್ತೆ ಹೊಡೆದ, ಇಳಿಯಲಿಲ್ಲ, ಬಿಡಿಸಲಿಕ್ಕೂ ಬರಲಿಲ್ಲ, ಹೋಗ್ಲಿ ಬಿಡು ಮಕ್ಕಳಿಗಲ್ವಾ ಎಂದು ಡಬ್ಬಕ್ಕೆ ಎಸೆದ, ಶಾಲೆಗೆ ಹೋದ ಡಬ್ಬ ಹಾಗೇ ವಾಪಸ್ಸು ಬಂತು, ಇಬ್ಬರೂ ಇದನ್ನು ತಗೊಂಡು ಬನ್ನಿ ಎಂಬ ಚೀಟಿಯ ಜೊತೆ.

ಬಿಡದಿ, ಇಳೀರಿ ಇಳೀರಿ, ಇಡ್ಲಿ ಹೋಟೆಲುಗಳ ಹಬೆ, ಫ್ಯಾಕ್ಟರಿ ಸಮವಸ್ತ್ರದ ಹುಡುಗರ ಸಾಲು, ಅವರ ಕಂಪನಿ ಬಸ್ಸು, ಮುಷರಫ್ ಮುಂದೆ, ಡಬ್ಬ ಹೊತ್ತು ಅವಳು ಹಿಂದೆ, ದಪ್, ದಪ್, ಶಾಲೆಯ ಗೇಟು, ಫಿನಾಯಿಲಿನ ವಾಸನೆಯ ಕಾರಿಡಾರು, ಲತಾಮಣಿ ಮೇಡಮ್ಮಿನ ಕೋಣೆ, ಮೇಡಂ ಮುಖದಲ್ಲಿ ಸಿಟ್ಟಿಲ್ಲ, ದಣಿವಿದೆ, ಮಕ್ಕಳು ಎಷ್ಟು ಆಸೆಯಿಂದ ತೆಗೆದ್ವು ಗೊತ್ತಾ ಎನ್ನುತ್ತಾರೆ, ಅಷ್ಟರಲ್ಲಿ ಅವನ ಬಾಯಿ ತೆರೆಯಿತು, ಹೆಂಗಸ್ರ ಕೈ ಮೇಡಂ, ಒಸಿ ಸಡಿಲ, ಅಕ್ಕ ಅಂತ ನಾನೂ ಬುಟ್ಟಿದ್ದೆ, ಇನ್ಮೇಲೆ ಗಂಡಸ್ರ ಕೈಲೇ ಮಾಡಿಸ್ತೀನಿ, ಮುಂದಿನ ಆರ್ಡರ್ ನಮ್ಗೇ ಕೊಡಿ — ಅವನು ತಿರುಗಿ ನೋಡುತ್ತಿದ್ದಾನೆ, ಹೂಂ ಎಲ್ಲಿ ಎಂದು ನೋಡುತ್ತಿದ್ದಾನೆ. ಮೇಡಂ ಡಬ್ಬದಿಂದ ಒಂದನ್ನು ಎತ್ತಿ ಮೇಜಿನ ಮೇಲಿಟ್ಟರು, ಅದೇ, ಬಿರುಕುಬಿಟ್ಟ ಕೆಂಪು ಜೋಡಿ, ಒಂದರ ಮೇಲೆ ಮ್ಯಾನು, ಇನ್ನೊಂದರ ಮೇಲೆ ಫ್ಯಾಕ್ಟ್, ಲ್ಯಾಟಿನ್, ಕೈ, ಮಾಡು, ಹಳದಿ ಬಾಲ ಸೇರಿಸಿದರೆ ಇವನ ಹಳೆಯ ಫ್ಯಾಕ್ಟರಿಯ ಬೋರ್ಡಿನ ಮೇಲಿದ್ದ ಮಾತು, ಮ್ಯಾನುಫ್ಯಾಕ್ಚರ್, ಅವಳೇ ಕಡೆದದ್ದು, ಕೈ ಎಂಬ ತುಂಡನ್ನು ಬೇರೆ ಯಾವುದಕ್ಕೂ ಕೊಡದಷ್ಟು ಹೊತ್ತು ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟಿದ್ದಳು. ಇದು ಏಟು ತಿಂದಿದೆಯಲ್ವಾ, ಯಾರು ಹೊಡೆದದ್ದು, ಎಂದರು ಮೇಡಂ. ಹೂಂ ಎಂದರೆ ಅಂಗಳದ ಒಲೆಗಳು ಉರಿಯುತ್ತವೆ, ಲೇತು ಹೋಗುತ್ತದೆ, ಇಲ್ಲವೆಂದರೆ — ಮುನವ್ವರಾಳ ಬಾಯಿಂದ ಬಂದ ಮಾತು ಅವಳಿಗೇ ಒರಟಾಗಿ ಕೇಳಿಸಿತು: ಮರ ಹಸೀದು ಮೇಡಂ, ಕಡೆದ ಕೈ ನಂದು, ಹೊಡೆದ ಕೈ ಇವಂದು.

ಒಣಗಿದ ಮರದಲ್ಲಿ ಮಾಡಿಕೊಡೋಕೆ ಎಷ್ಟು ದಿನ ಬೇಕು ಎಂದು ಮೇಡಂ ಕೇಳಿದ್ದು, ಮಳೆಗಾಲ ಕಳೀಬೇಕು ಎಂದು ಅವಳು ಹೇಳಿದ್ದು, ಆಡಳಿತದವರು ಅಷ್ಟು ಕಾಯಲ್ಲಮ್ಮ, ಪ್ಲಾಸ್ಟಿಕ್‌ದು ನೋಡಿಟ್ಟಿದ್ದಾರೆ ಎಂದು ಮೇಡಂ ಮೆಲ್ಲಗೆ ಹೇಳಿದ್ದು, ಎಲ್ಲ ಮುಗಿದುಹೋಯಿತು, ಈಗ ರಸ್ತೆಯ ಈಚೆ ಬಿಸಿಲು, ಆಚೆ ಅವನು, ನಾಳೆಯಿಂದ ಲೇತಿನ ಹತ್ರ ಬರ್ಬೇಡ ಎಂದು ಬೆನ್ನು ತಿರುಗಿಸಿಯೇ ಹೇಳಿದ, ಅಂಗಳದ ಹೆಂಗಸರಿಗೆ ಏನು ಹೇಳುವುದು, ಸತ್ಯ ಹೇಳಿದೆನೆಂದೇ, ಸತ್ಯ ಬೇಯುತ್ತದೆಯೇ, ಆದರೂ ಹೂಂ ಎನ್ನಲಾರಳು, ಇನ್ನೊಮ್ಮೆ ಕರೆದು ಕೂರಿಸಿ ಕೇಳಿದರೂ ಎನ್ನಲಾರಳು, ಸೆರಗಿನ ಮರೆಯ ಮುಷ್ಟಿಯಲ್ಲಿ ಆ ಕೆಂಪು ಜೋಡಿ, ಮೇಜಿನಿಂದ ಎತ್ತಿಕೊಂಡು ಬಂದದ್ದು, ಹಿಡಿದು ತಿರುಚುತ್ತಾಳೆ, ಬಲಕ್ಕೆ, ಎಡಕ್ಕೆ, ಅಂಗೈ ಉರಿಯುವ ತನಕ, ಬಸ್ಸು ಬಂತು, ಹೋಯಿತು, ಅವಳ ಕಣ್ಣೊಳಗೆ ಆ ಕೊಡತಿ ಮತ್ತೆ ಏಳುತ್ತದೆ, ಬೀಳುತ್ತದೆ, ಚಕ್ಕೆ ಹಾರುತ್ತದೆ, ಕೈ ಎಂಬ ತುಂಡು, ಅರ್ಧ ಒಳಗೆ, ಅರ್ಧ ಹೊರಗೆ, ಅಲ್ಲಿಯೇ.