ಹುಳುಮನೆಗೆ ಬಂದ ಆಮೆ

ನಮ್ಮಪ್ಪ ಕರಿಯಪ್ಪನಿಗೆ ರೇಷ್ಮೆ ಹುಳು ಬಿಟ್ಟರೆ ಇನ್ನೊಂದು ಜೀವವನ್ನು ಸಾಕಿ ಗೊತ್ತಿರಲಿಲ್ಲ. ಹಸು, ಕುರಿ, ಕೋಳಿಯೆಲ್ಲ ಅವ್ವ ಸಿದ್ದಮ್ಮನ ಪಾಲು. ಹಾಗಾಗಿ ಬೈರಾಪಟ್ಟಣದ ನಮ್ಮ ಹಿತ್ತಿಲಿಗೆ ಆಮೆ ಬಂದಾಗ ಅಪ್ಪ ಅದನ್ನೂ ದೊಡ್ಡದೊಂದು ಹುಳುವೆಂದೇ ತಿಳಿದ ಎಂದರೆ ನಗಬೇಡಿ. ನಾನು ನಕ್ಕು ಬೈಸಿಕೊಂಡಿದ್ದೇನೆ.

ನಮ್ಮ ಹಿಪ್ಪುನೇರಳೆ ತೋಟವಿದ್ದ ಜಾಗದಲ್ಲಿ ಹಿಂದಿನ ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿ ಎದ್ದಿತ್ತು. ಜಾಗ ಕೊಟ್ಟವನು ಅಪ್ಪನೇ, ಯಾರೂ ಕಿತ್ತುಕೊಳ್ಳಲಿಲ್ಲ. ನಾನು ಅಲ್ಲೇ ಕಾಲರ್ ಹೊಲಿಯಲು ಸೇರಿದೆ, ನನಗದು ಖುಷಿಯೇ. ಆದರೆ ಸೊಪ್ಪಿಲ್ಲದ ಮೇಲೆ ಹುಳು ಎಲ್ಲಿಯದು? ಹುಳುಮನೆಗೆ ಬೀಗ ಬಿತ್ತು, ಅಪ್ಪನ ಬಾಯಿಗೂ ಬಿತ್ತು. ಬಡಿಸಿದರೆ ಉಣ್ಣುವುದು, ಜಗಲಿ ಮೇಲೆ ಕೂರುವುದು, ರಾತ್ರಿ ಅಲ್ಲೇ ಮಲಗುವುದು, ಅಷ್ಟೇ. ಬೆಳೆದ ಹುಳುಗಳು ಸೊಪ್ಪು ಮೇಯುವಾಗ ಮನೆ ತುಂಬ ಸೋನೆಮಳೆ ಹಿಡಿದಂತೆ ಸದ್ದಿರುತ್ತದೆ. ಮದುವೆಗೂ ಮುಂಚಿನಿಂದ ಆ ಸದ್ದಿನಲ್ಲೇ ನಿದ್ದೆ ಮಾಡಿದವನಿಗೆ ಈಗ ಮನೆ ಬಣಗುಟ್ಟುತ್ತಿತ್ತಂತೆ. ಅವನು ಹಾಗೆ ಕೂತಿರುವುದನ್ನು ಕಂಡರೆ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಫ್ಯಾಕ್ಟರಿಯ ಎರಡನೇ ಶೆಡ್ಡಿಗಾಗಿ ಜೆಸಿಬಿ ನಮ್ಮ ಹಳೇ ತೋಟದ ಬೇಲಿ ಕಿತ್ತ ದಿನ, ಬೇಲಿಯ ಬುಡದಲ್ಲಿದ್ದ ಆಮೆ ಬಯಲಿಗೆ ಬಿತ್ತು. ಕ್ಯಾಂಟೀನಿನ ಎಂಜಲಿಗೆ ಕಾದು ಕೂತಿದ್ದ ನಾಯಿಗಳು ಅದನ್ನು ಚೆಂಡಾಡತೊಡಗಿದವು. ಅಪ್ಪ ಟವಲು ಬೀಸಿ ನಾಯಿಗಳನ್ನು ಓಡಿಸಿ, ಅದೇ ಟವಲಿನಲ್ಲಿ ಆಮೆಯನ್ನು ಸುತ್ತಿ ತಂದ. ಚಿಪ್ಪಿನ ಮೇಲೆ ಹಲ್ಲಿನ ಗೀರು ಬಿಟ್ಟರೆ ಗಾಯವಿರಲಿಲ್ಲ. ಪಕ್ಕದ ಮನೆಯ ರಾಮಲಿಂಗಯ್ಯನವರು ಬಾವಿಗೆ ಬಿಡು, ನೀರು ತಿಳಿಯಾಗುತ್ತದೆ ಎಂದರು. ಹೊಲದಲ್ಲಿ ನಡೆದಾಡುವ ಆಮೆ ಬಾವಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ ಎಂದು ಅಪ್ಪ ರೇಗಿದ. ಅವನ ಗಂಟಲು ಅಷ್ಟು ಜೋರಾಗಿ ಕೇಳಿ ಎಷ್ಟು ಕಾಲವಾಗಿತ್ತೋ, ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು.

ಮರುದಿನವೇ ಹುಳುಮನೆಯ ಬೀಗ ತೆಗೆದು ಸಾಮಾನು ಹೊರಗೆಳೆದ. ಹಿತ್ತಿಲಲ್ಲಿ ಎರಡು ಮಂಚದಗಲ ಜಾಗ ಗುರುತು ಮಾಡಿ, ಆಮೆ ತೋಡಿಕೊಂಡು ಹೋಗದಂತೆ ಸುತ್ತಲೂ ಮೊಣಕಾಲಾಳ ಅಗೆದು ಚಪ್ಪಡಿ ಕಲ್ಲು ಹೂತ. ಅದರ ಮೇಲೆ ಸೊಂಟದೆತ್ತರ ಇಟ್ಟಿಗೆ ಗೋಡೆ. ಇಲ್ಲಿಯವರೆಗೂ ಸರಿ. ಆಮೇಲೆ ಶುರುವಾಯಿತು ನೋಡಿ. ನೆಲಕ್ಕೆ ಬ್ಲೀಚಿಂಗ್ ನೀರು, ಸುಣ್ಣ. ಮೇಲೆ ತೆಂಗಿನ ಗರಿಯ ದಟ್ಟ ಚಪ್ಪರ. ಹುಳುವಿಗೆ ನೊಣ ಕೂರದಂತೆ ಕಟ್ಟುವ ನೈಲಾನ್ ಪರದೆ, ತಂಪಿರಲೆಂದು ಅದರ ಮೇಲೆ ಒದ್ದೆ ಗೋಣಿಚೀಲ. ಕೈಕಾಲು ತೊಳೆಯದೆ ಯಾರೂ ಹತ್ತಿರ ಸುಳಿಯುವಂತಿಲ್ಲ. ನಾಯಿಯಿರಲಿ, ಇರುವೆಯೂ ನುಗ್ಗದ ಆ ಅರಮನೆಯಲ್ಲಿ ಆಮೆ ಮೂಲೆ ಸೇರಿತು. ಸೊಪ್ಪು ಹಾಕಿದರೆ ಮೂಸಿಯೂ ನೋಡಲಿಲ್ಲ.

ಅಪ್ಪ ಗಾಬರಿಯಾಗಲಿಲ್ಲ. ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ನಿಲ್ಲುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಅದನ್ನು ಮುಟ್ಟಬಾರದು, ತಾನೇ ಎದ್ದು ಮೊದಲಿಗಿಂತ ಹೆಚ್ಚು ತಿನ್ನುತ್ತದೆ.

“ಜ್ವರಕ್ಕೆ ಕೂತೈತೆ, ಯಾರೂ ಮುಟ್ಬ್ಯಾಡಿ,” ಎಂದ.

ಆಮೆ ಏಳಲಿಲ್ಲ. ದಿನ ಕಳೆದಂತೆ ಕಣ್ಣು ಊದಿ ಮುಚ್ಚಿಕೊಂಡವು. ಅಪ್ಪ ಮತ್ತೆ ಮಾತು ನುಂಗತೊಡಗಿದ. ಒಲೆ ಮುಂದೆ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಇದೂ ಹೋಯ್ತು ಅಂದ್ರೆ ನಿಮ್ಮಪ್ಪ ಮತ್ತೆ ಜಗ್ಲಿ ಬುಟ್ಟು ಏಳಾಕಿಲ್ಲ ಕಣೇ ಭಾನು.”

ಭಾನುವಾರ ರಜೆಯಿತ್ತು. ಕೈಕಾಲು ತೊಳೆದೇ ಹೋಗಿ ಇಣುಕಿದೆ. ಗೋಣಿಚೀಲವೊಂದು ಜಾರಿ, ಸಂದಿನಿಂದ ರೊಟ್ಟಿಯಗಲದ ಬಿಸಿಲು ನೆಲಕ್ಕೆ ಬಿದ್ದಿತ್ತು. ಆಮೆ ಮೂಲೆಯಿಂದ ತೆವಳಿ ಬಂದು ಆ ಬಿಸಿಲಿನಲ್ಲಿ ಕತ್ತು ಪೂರಾ ಚಾಚಿ ಮಲಗಿತ್ತು. ಬಿಸಿಲು ಸರಿಯಿತು. ಸ್ವಲ್ಪ ಹೊತ್ತಿಗೆ ಅದೂ ಹಿಂದೆಯೇ ಸರಿಯಿತು. ಅಪ್ಪನನ್ನು ಕರೆದು ತೋರಿಸಿದೆ.

“ಅಪ್ಪಾ, ಇದು ಹುಳ ಅಲ್ಲ ಕಣಪ್ಪ. ಇದ್ಕೆ ಬಿಸ್ಲು ಬೇಕು.”

ಬಿಸಿಲು ಎಂದರೆ ಅಪ್ಪನಿಗೆ ಶತ್ರು. ಹುಳುವಿನ ತಟ್ಟೆಗೆ ಬಿಸಿಲು ಬಿದ್ದರೆ ಬೆಳೆಯೇ ಹೋದಂತೆ. ಅವನು ಆಮೆಯನ್ನು ನೋಡುತ್ತ ನಿಂತ. ಬೈಯುತ್ತಾನೆ, ಇಲ್ಲವೇ ಜಗಲಿಗೆ ಹೋಗಿ ಕೂರುತ್ತಾನೆ ಎಂದುಕೊಂಡೆ. ಅಪ್ಪ ಒಳಗೆ ಹೋಗಿ ಮಚ್ಚು ತಂದು ಚಪ್ಪರದ ಹಗ್ಗ ಕಡಿದ.

ಸುಣ್ಣ ಕೆರೆದು ತೆಗೆದು, ಬೇಲಿಯಿದ್ದ ಕಡೆಯ ಮಣ್ಣನ್ನೇ ಮಂಕರಿಯಲ್ಲಿ ಹೊತ್ತು ತಂದು ತುಂಬಿದ. ನಾಯಿ, ಹದ್ದು ಬಾರದಂತೆ ಮೇಲೆ ತಂತಿಬಲೆ ಬಿಗಿದ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಮಧ್ಯಾಹ್ನದ ನೆರಳಿಗೆಂದು ಗೋಡೆಗೆ ಓರೆಯಾಗಿ ಒರಗಿಸಿದ. ಒಂದು ಬದಿಗೆ ಗರಿಕೆ ಹಾಕಿ, ತಗ್ಗು ತಟ್ಟೆಯಲ್ಲಿ ನೀರಿಟ್ಟ. ಗೋಡೆಯ ಹೊರಗೆ ಸಾಲಾಗಿ ಹಿಪ್ಪುನೇರಳೆ ಕಡ್ಡಿ ನೆಟ್ಟ. ಅದನ್ನು ನೆಡೆಂದು ಯಾರೂ ಹೇಳಿರಲಿಲ್ಲ.

ಆಮೆ ಮೆಲ್ಲಗೆ ಕಣ್ಣು ಬಿಟ್ಟಿತು. ನೆಟ್ಟ ಕಡ್ಡಿಗಳು ಚಿಗುರಿ ಎಲೆ ಬಿಟ್ಟ ಮೇಲೆ ಒಂದು ಸಂಜೆ ನಾನು ಕೆಲಸ ಮುಗಿಸಿ ಬಂದು ಗೇಟು ದಡಾರನೆ ತೆಗೆದೆ. ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಅಪ್ಪ ಕೈ ಎತ್ತಿದ.

“ಒಸಿ ಸುಮ್ಕಿರವ್ವ. ಕೇಳುಸ್ತೈತಾ?”

ಆಮೆ ಹಿಪ್ಪುನೇರಳೆ ಎಲೆಯನ್ನು ಕಾಲಲ್ಲಿ ಅದುಮಿ ಹಿಡಿದು ಕಚ್ಚಿ ಹರಿಯುತ್ತಿತ್ತು. ಚರಕ್, ಚರಕ್. ಮಳೆಯಂಥ ಸದ್ದೇನಲ್ಲ, ಒಂದೇ ಒಂದು ಬಾಯಿಯದು. ಅಪ್ಪನ ಕಣ್ಣಲ್ಲಿ ನೀರಿತ್ತು. ಚಾಪೆಯನ್ನು ಜಗಲಿಯಿಂದ ಇಲ್ಲಿಗೇ ತರಲು ಅವ್ವನಿಗೆ ಹೇಳು ಎಂದ. ಆಮೆ ರಾತ್ರಿ ಮೇಯುವುದಿಲ್ಲ, ಮಲಗುತ್ತದೆ ಎಂದೆ.

“ಗೊತ್ತು ಕಣವ್ವ. ಬೆಳಿಗ್ಗೆ ಎದ್ದೇಟ್ಗೆ ಕೇಳುಸ್ತೈತಲ್ಲ.”

ಅವ್ವ ಚಾಪೆ ತಂದು ಕೊಟ್ಟಳು.